ಹೆಣ್ಮಕ್ಕಳ ಮತವೂ ಸಮೀಕ್ಷೆಯ ಲೆಕ್ಕವೂ

ಈಗ ಚುನಾವಣೆ ಬಂತಂದರ ಟಿ.ವಿ.ಯೊಳಗ ಒಂದು ಪಟ್ಟಿ ಬರತೈತಿ. ಹೆಂಗಸರ ಒಲವು ಯಾರ ಕಡೆ, ತರುಣರದು ಯಾರ ಕಡೆ, ರೈತರದು, ಇಂಥಿಂಥ ಜಾತಿಯವರದು ಯಾರ ಕಡೆ ಅಂತ ನೂರಕ್ಕೆ ಇಷ್ಟು ಎಂದು ಲೆಕ್ಕ ಹೇಳತಾರ. ಈ ಪಟ್ಟಿಯೊಳಗ ಹೆಣ್ಮಕ್ಕಳದೊಂದು ಸಾಲು ಬರಬೇಕಾದರ ಬಹಳ ವರ್ಷ ಹಿಡೀತು.

1951-52ರಲ್ಲಿ ದೇಶದ ಮೊದಲ ಚುನಾವಣೆ ನಡೆದಾಗ ನಮ್ಮ ಚಂದಗಡ ತಾಲೂಕು ಬೆಳಗಾವಿ ಜಿಲ್ಲೆಯೊಳಗಿತ್ತು. ಕೊಲ್ಹಾಪುರಕ್ಕೆ ಸೇರಿದ್ದು 1956ರಲ್ಲಿ. ಆ ಚುನಾವಣೆಗೆ ಮತದಾರರ ಯಾದಿ ಬರೆಯಲು ಹೋದಾಗ, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ಎಷ್ಟೋ ಹೆಣ್ಮಕ್ಕಳು ತಮ್ಮ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಅಂತ ಬರೆಸಿದರು. ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನ್ ಅವರು ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಣ್ಮಕ್ಕಳು ಯಾದಿಯ ಹೊರಗ ಉಳಿದರು. 1962ರ ಲೋಕಸಭೆಗೆ ಗಂಡಸರು ನೂರಕ್ಕೆ 63 ಮಂದಿ ಮತ ಹಾಕಿದರ, ಹೆಂಗಸರು 47 ಅಷ್ಟೇ. 2019ಕ್ಕೆ ಇಬ್ಬರೂ ಹೆಚ್ಚುಕಡಿಮೆ ಸರಿಸಮ ಆದರು. ಆಮೇಲೆ ಪಕ್ಷದವರ ಕಣ್ಣು ಇವರ ಮೇಲೆ ಬಿತ್ತು.

ಸಮೀಕ್ಷೆ ಅಂದರ ಏನು? ಅನ್ನ ಬೆಂದೈತೋ ಇಲ್ಲೋ ಅಂತ ನಾವು ಒಂದಗುಳು ಹಿಚುಕಿ ನೋಡತೀವಿ. ಅಕ್ಕಿ ಒಂದೇ ತರದ್ದಿದ್ದರ ಒಂದಗುಳು ಸಾಕು. ಗಡಿಗಿಯೊಳಗ ಅಕ್ಕಿ, ಜೋಳ, ಕಡ್ಲಿ ಕೂಡಿಸಿ ಹಾಕಿದ್ದರ? ಎಲ್ಲಾದರೊಳಗಿಂದೂ ತೆಗೆದು ನೋಡಬೇಕಾಗತದ. ಅಮೆರಿಕದಲ್ಲಿ 1936ರಲ್ಲಿ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಮಂದಿಯ ಉತ್ತರ ತರಿಸಿಕೊಂಡು ರೂಸ್‌ವೆಲ್ಟ್ ಸೋಲತಾರ ಅಂತು. ಅವರು ಭರ್ಜರಿ ಗೆದ್ದರು. ಆ ಪತ್ರಿಕೆ ಕೇಳಿದ್ದು ಹೆಚ್ಚಾಗಿ ಟೆಲಿಫೋನು, ಮೋಟಾರು ಇದ್ದವರನ್ನು. ಬಡವರ ಅಗುಳು ಅವರ ಕೈಗೆ ಹತ್ತಲೇ ಇಲ್ಲ.

ನಮ್ಮ ಗಡಿ ಭಾಗದಲ್ಲೂ ಇದೇ ಪ್ರಶ್ನೆ. ಹಗಲು ಹೊತ್ತಿನಲ್ಲಿ ಮನಿಗೆ ಬಂದು ಕೇಳಿದರ ಮುದುಕರು ಸಿಗತಾರ. ಪುಣೆ, ಮುಂಬೈಗೆ ದುಡಿಯಾಕ ಹೋದ ಹುಡುಗರು ಸಿಗೂದಿಲ್ಲ. ಗಡಹಿಂಗ್ಲಜ ಕಡೆಯ ಕನ್ನಡ ಮನಿಯೊಳಗಿನ ಅಜ್ಜಿಯನ್ನು ಮರಾಠಿಯಲ್ಲಿ ಕೇಳಿದರ, ಆಕಿ ಬದಲಿಗೆ ಮಗ ಉತ್ತರ ಕೊಡತಾನ. ಹೆಂಗಸರ ಸಾಲಿನೊಳಗ ಗಂಡಸಿನ ಮಾತು ಸೇರಿ ಹೋಗತದ.

2024ರದು ನೋಡ್ರಿ. ಲೋಕಸಭೆಯಲ್ಲಿ ಮಹಾರಾಷ್ಟ್ರದ 48ರಲ್ಲಿ 30 ಸೀಟು ಮಹಾವಿಕಾಸ ಆಘಾಡಿಗೆ ಬಂದವು. ಉಳ್ಳಾಗಡ್ಡಿ ರಫ್ತು ನಿಲ್ಲಿಸಿದ್ದಕ್ಕ ನಾಶಿಕದ ಕಡೆ ರೈತರಿಗೆ ಸಿಟ್ಟಿತ್ತು. ಜುಲೈದಿಂದ ಲಾಡಕಿ ಬಹೀಣ ಯೋಜನೆ ಜಾರಿಗೆ ಬಂತು. 21ರಿಂದ 65 ವಯಸ್ಸಿನ ಹೆಣ್ಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿ. ನವೆಂಬರ್‌ನಲ್ಲಿ ವಿಧಾನಸಭೆಯ 288ರಲ್ಲಿ 230 ಸೀಟು ಮಹಾಯುತಿ ಗೆದ್ದಿತು. ಎಲ್ಲರೂ "ಇದು ಅಕ್ಕತಂಗೇರ ಮತ" ಅಂದರು. ಅದರೊಳಗ ಖರೇ ಐತಿ. ಹೆಂಗಸರ ಮತದಾನ 2019ರ ನೂರಕ್ಕೆ 59ರಿಂದ 65ಕ್ಕೆ ಏರಿತು. ಆದರ ಗಂಡಸರದೂ 63ರಿಂದ 67ಕ್ಕೆ ಏರಿತು. ಅವರ ಖಾತೆಗೆ ಯಾರೂ ಆ 1,500 ಹಾಕಿರಲಿಲ್ಲ.

ನಮ್ಮ ಚಂದಗಡದಲ್ಲಿ ಮಹಾಯುತಿಯ ಅಧಿಕೃತ ಉಮೇದುವಾರರೇ ಸೋತು, ಪಕ್ಷೇತರ ಶಿವಾಜಿ ಪಾಟೀಲರು ಗೆದ್ದರು. ಗೆದ್ದ ಮೇಲೆ ಅವರು ಭಾಜಪಕ್ಕ ಬೆಂಬಲ ಕೊಟ್ಟರು, ಆ ಮಾತು ಬ್ಯಾರೆ. ರೊಕ್ಕ ಇಲ್ಲಿಯ ಹೆಣ್ಮಕ್ಕಳಿಗೂ ಬಂದಿತ್ತು. ರಾಜ್ಯದ ಲೆಕ್ಕವೇ ಪ್ರತಿ ಊರಿನ ಲೆಕ್ಕ ಅಲ್ಲ ಅಂತ ಇದರಿಂದ ತಿಳೀತದ. ಕಬ್ಬು ಕಡಿಯುವ ಹೆಣ್ಣುಮಗಳು ಹೆಂಗಸೂ ಹೌದು, ಕೂಲಿಯೂ ಹೌದು, ಒಂದು ಜಾತಿಯಾಕಿ, ಒಂದು ಭಾಷೆಯಾಕಿ, ಒಬ್ಬ ನಿರುದ್ಯೋಗಿ ಮಗನ ತಾಯಿ. ಬಟನ್ ಒತ್ತುವಾಗ ಇವರೊಳಗ ಯಾರು ಮುಂದ ಬಂದರು ಅನ್ನೂದು ಆಕಿಗೇ ಗೊತ್ತು.

ಸಮೀಕ್ಷೆ ಸುಳ್ಳು ಅಂತ ನಾನು ಅನ್ನೂದಿಲ್ಲ. ಯಾರನ್ನ ಕೇಳಿದರು, ಯಾವ ಭಾಷೆಯೊಳಗ ಕೇಳಿದರು ಅಂತ ನೋಡಿ ನಂಬ್ರಿ. ಅದಕ್ಕಿಂತ ಮೊದಲು ಯಾದಿ ನೋಡ್ರಿ. 18 ತುಂಬಿದ ಹುಡುಗಿಯರು, ಬೆಳಗಾವಿ ಕಡೆಯಿಂದ ಮದುವೆಯಾಗಿ ಬಂದ ಸೊಸೆಯಂದಿರು ಇಲ್ಲಿ ಹೆಸರು ಬರೆಸಿದ್ದಾರೋ ಇಲ್ಲೋ ಮನೆಮನೆಯೊಳಗ ವಿಚಾರಿಸಿರಿ. ತಮ್ಮ ಸ್ವಂತ ಹೆಸರಿನಿಂದಲೇ ಬರೆಸಲಿ.