ತಾಯಿ ಸೀಗಡಿಗೆ ಕ್ವಾರಂಟೈನ್

ಚೆನ್ನೈ ಬಳಿಯ ನೀಲಾಂಕರೈಯಲ್ಲಿ ಸೀಗಡಿಗಳಿಗೆಂದೇ ಒಂದು ತಪಾಸಣಾ ಕೇಂದ್ರವಿದೆ. ವಿದೇಶದಿಂದ ವಿಮಾನದಲ್ಲಿ ಬಂದಿಳಿಯುವ ವನ್ನಾಮೆ ತಳಿಯ ತಾಯಿ ಸೀಗಡಿಗಳು ಹ್ಯಾಚರಿ ಸೇರುವ ಮೊದಲು ಇಲ್ಲಿ ಕೆಲವು ದಿನ ಕಳೆಯಬೇಕು. ಒಂದು ತಂಡದ ನೀರು ಇನ್ನೊಂದಕ್ಕೆ ತಾಗದಂತೆ ಬೇರೆ ಬೇರೆ ಕೋಣೆಗಳಲ್ಲಿಟ್ಟು ವೈರಾಣು ಪರೀಕ್ಷೆ ನಡೆಸುತ್ತಾರೆ. ಸೋಂಕು ಕಂಡರೆ ನಾಶವೇ ಗತಿ. ಒಂದು ಜಲಚರಕ್ಕೆ ಇಷ್ಟೊಂದು ಕಾವಲೇಕೆ ಎಂಬುದಕ್ಕೆ ಉತ್ತರ 1990ರ ದಶಕದಲ್ಲಿದೆ.

ಆಗ ಆಂಧ್ರ, ತಮಿಳುನಾಡಿನ ಕರಾವಳಿಯಲ್ಲಿ ಟೈಗರ್ ಸೀಗಡಿಯ ಸುಗ್ಗಿ. ಭತ್ತದ ಗದ್ದೆಗಳೂ ಹೊಂಡಗಳಾದವು. ಅತ್ತ 1992ರ ಸುಮಾರಿಗೆ ಚೀನಾ, ತೈವಾನ್‌ಗಳಲ್ಲಿ ಹೊಸ ರೋಗವೊಂದು ತಲೆ ಎತ್ತಿತ್ತು. ಚೀನಾದಿಂದ ತರಿಸಿದ ಮರಿಗಳ ಜತೆ ಅದು 1993ರಲ್ಲಿ ಜಪಾನ್‌ಗೆ ದಾಟಿತು. 1994ರ ಕೊನೆಯ ಹೊತ್ತಿಗೆ ನಮ್ಮ ಪೂರ್ವ ಕರಾವಳಿಯಲ್ಲೂ ಕಾಣಿಸಿಕೊಂಡಿತು.

ಅದೇ ಬಿಳಿಚುಕ್ಕೆ ರೋಗ. ಸೀಗಡಿ ಮೇವು ಬಿಡುತ್ತದೆ, ಮಂಕಾಗಿ ಹೊಂಡದ ಅಂಚಿಗೆ ಬರುತ್ತದೆ, ಚಿಪ್ಪಿನ ಮೇಲೆ ಬಿಳಿ ಚುಕ್ಕೆ ಮೂಡುತ್ತದೆ. ಮೂರರಿಂದ ಹತ್ತು ದಿನಗಳೊಳಗೆ ಹೊಂಡ ಹೆಚ್ಚುಕಡಿಮೆ ಖಾಲಿ. ತಿನ್ನುವ ಮನುಷ್ಯನಿಗೆ ಇದರಿಂದ ಅಪಾಯವಿಲ್ಲ. ಸಾಲ ಮಾಡಿ ಬೆಳೆದವನ ಪಾಡು ಬೇರೆ. ಮದ್ದು ಇಂದಿಗೂ ಇಲ್ಲ. ಪಶ್ಚಿಮ ಕರಾವಳಿಯನ್ನೂ ರೋಗ ಬಿಡಲಿಲ್ಲ. ಇಲ್ಲಿನ ಸೋಂಕನ್ನು ಅಭ್ಯಸಿಸಿದ ಮಂಗಳೂರು ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು 1997ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು.

ಗಡಿ ಕಾಯಲು ಕಾನೂನು ಇರಲಿಲ್ಲವೇ? ಇತ್ತು. ಆದರೆ ಅದು ಬ್ರಿಟಿಷರು 1898ರಲ್ಲಿ ಮಾಡಿದ ಜಾನುವಾರು ಆಮದು ಕಾಯ್ದೆ. ಅದರಲ್ಲಿ ಹೆಸರು ಹಿಡಿದು ಹೇಳಿದ್ದು ಕುದುರೆ, ದನ, ಒಂಟೆ, ಕುರಿಗಳನ್ನು. ನೀರಿನೊಳಗಿನ ಜೀವಿ ಅಂದಿನವರ ಚಿಂತೆಯಾಗಿರಲಿಲ್ಲ. ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂದದ್ದು 2005ರಲ್ಲಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು ಎಂದು ಯಾರಾದರೂ ಅಂದರೆ ತಪ್ಪಿಲ್ಲ.

ಪಾಠ ಕಲಿತದ್ದು ಕಾಣುವುದು ವನ್ನಾಮೆ ವಿಷಯದಲ್ಲಿ. ಪೆಸಿಫಿಕ್ ಸಾಗರದ ಅಮೆರಿಕ ಖಂಡದ ಕಡೆಯ ಈ ಸೀಗಡಿಯನ್ನು 2003ರಲ್ಲಿ ಪ್ರಾಯೋಗಿಕವಾಗಿ ತಂದು, 2009ರಲ್ಲಿ ಬೆಳೆಯಲು ಅನುಮತಿ ಕೊಟ್ಟಾಗ ಷರತ್ತುಗಳೂ ಜತೆಗೆ ಬಂದವು. ಒಪ್ಪಿಗೆ ಪಡೆದ ವಿದೇಶಿ ಕೇಂದ್ರಗಳಿಂದ ಮಾತ್ರ ತಾಯಿ ಸೀಗಡಿ ತರಿಸಬೇಕು, ನೀಲಾಂಕರೈ ತಪಾಸಣೆ ದಾಟಬೇಕು. ಹೊಂಡಕ್ಕೆ ಏಡಿ ನುಸುಳದ ಬೇಲಿ, ಹಕ್ಕಿ ಇಳಿಯದ ವ್ಯವಸ್ಥೆ ಬೇಕು. ಏಡಿಯ ಮೈಯಲ್ಲೂ ಈ ವೈರಾಣು ಉಳಿಯಬಲ್ಲದು.

ಆದರೂ ಒಂದು ತಪ್ಪು ತಿಳಿವಳಿಕೆ ಉಳಿದಿದೆ. ರೋಗಮುಕ್ತ ಎಂದರೆ ರೋಗ ತಡೆಯುವ ಶಕ್ತಿಯುಳ್ಳದ್ದು ಎಂದಲ್ಲ. ತಪಾಸಣೆಯಲ್ಲಿ ಗೆದ್ದ ತಾಯಿಯ ಮರಿಯೂ ಸೋಂಕಿರುವ ನೀರಿಗೆ ಬಿದ್ದರೆ ಸಾಯುತ್ತದೆ. ಇಎಚ್‌ಪಿ ಎಂಬ ಪರಾವಲಂಬಿಯ ಕಥೆಯಂತೂ ಇನ್ನೂ ಕುಟಿಲ. ಅದು ಕೊಲ್ಲುವುದಕ್ಕಿಂತ ಹೆಚ್ಚಾಗಿ ಬೆಳವಣಿಗೆ ಕುಗ್ಗಿಸುತ್ತದೆ; ತಿಂಗಳುಗಟ್ಟಲೆ ಮೇವು ಸುರಿದರೂ ತೂಕ ಬಾರದು. ಭಾರತದ ವನ್ನಾಮೆ ಹೊಂಡಗಳಲ್ಲಿ ಇದು ಕಾಣಿಸಿಕೊಂಡುದನ್ನು ವಿಜ್ಞಾನಿಗಳು 2016ರಲ್ಲಿ ವರದಿ ಮಾಡಿದರು. ತಾಯಿ ಸೀಗಡಿಗೆ ತಿನ್ನಿಸುವ ಜೀವಂತ ಕಡಲ ಹುಳುಗಳ ಮೂಲಕವೂ ಇದು ಹರಡಬಲ್ಲದು. ತಾಯಿಯನ್ನು ತಪಾಸಿಸಿ ಊಟವನ್ನು ತಪಾಸಿಸದಿದ್ದರೆ ಏನು ಬಂತು?

ಇನ್ನು ಹೊಂಡದಲ್ಲೇ ಬೆಳೆದ ಸೀಗಡಿಯನ್ನು ತಾಯಿಯಾಗಿಸಿ ಅಗ್ಗದ ಮರಿ ಮಾರುವ ಹ್ಯಾಚರಿಗಳೂ ಉಂಟು. ನಿಯಮ ಅದನ್ನು ಒಪ್ಪುವುದಿಲ್ಲ. ಮರಿ ಕೊಳ್ಳುವ ರೈತನಿಗೆ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ.