ಪ್ರೊಸೀಜರ್ ಪುಸ್ತಕದ ಬಲಗಡೆಯ ಕಾಲಂ

ನರ್ಸಿಂಗ್ ಫೌಂಡೇಶನ್ ಪುಸ್ತಕದ ಆರಂಭದಲ್ಲೇ ವೃತ್ತಿಯ ಇತಿಹಾಸ ಬರುತ್ತದೆ. ಪರೀಕ್ಷೆ ಹತ್ತಿರ ಬಂತೆಂದರೆ ವಿದ್ಯಾರ್ಥಿಗಳು ಮೊದಲು ಕೈಬಿಡುವುದೂ ಅದನ್ನೇ. ‘ಮೇಡಂ, ಇಸವಿ ನೆನಪ ಉಳ್ಯೂದಿಲ್ರಿ. ಬೆಡ್ ಮೇಕಿಂಗ್, ಟಿಪಿಆರ್, ಹ್ಯಾಂಡ್ ವಾಷಿಂಗ್ ಓದಿದ್ರ ಸಾಕಲ್ಲೇನ್ರಿ?’ ಎಂದು ಕೇಳುತ್ತಾರೆ. ಹುಬ್ಬಳ್ಳಿಯಲ್ಲಿ ಮೊದಲು ವಾರ್ಡ್ ಸಿಸ್ಟರ್ ಆಗಿ, ಆಮೇಲೆ ಟ್ಯೂಟರ್ ಆಗಿ ಈ ಪ್ರಶ್ನೆಯನ್ನು ವರ್ಷವರ್ಷವೂ ಕೇಳಿದ್ದೇನೆ. ಹ್ಯಾಂಡ್ ವಾಷಿಂಗ್ ಬೇರೆ ಪಾಠ, ಇತಿಹಾಸ ಬೇರೆ ಪಾಠ ಎಂದು ನನಗೆ ಎಂದೂ ಅನ್ನಿಸಿಲ್ಲ.

ಪ್ರೊಸೀಜರ್ ಪುಸ್ತಕದ ಪುಟವನ್ನು ನೋಡಿ. ಎಡಗಡೆ ಏನು ಮಾಡಬೇಕು ಎಂಬ ಕ್ರಮ, ಬಲಗಡೆ ಏಕೆ ಮಾಡಬೇಕು ಎಂಬ ಕಾರಣ. ಪ್ರಾಕ್ಟಿಕಲ್ ದಿನ ಹೊರಗಿನಿಂದ ಬಂದ ಎಕ್ಸಾಮಿನರ್ ಎಡಗಡೆಯದನ್ನು ಮಾಡಿ ತೋರಿಸಲು ಹೇಳುತ್ತಾರೆ, ಬಲಗಡೆಯದನ್ನು ಬಾಯಿಂದ ಹೇಳಿಸುತ್ತಾರೆ. ಹೆಚ್ಚಿನವರು ತಡವರಿಸುವುದು ಅಲ್ಲೇ. ಆ ಕಾಲಂನ ಒಂದೊಂದು ಸಾಲಿನ ಹಿಂದೆಯೂ ಒಂದು ಊರಿದೆ, ಒಂದು ಕಾಲವಿದೆ, ರೋಗಿಯ ಪಕ್ಕದಲ್ಲಿ ನಿಂತು ಎಣಿಸಿದ, ಬರೆದಿಟ್ಟ ಯಾರೋ ಒಬ್ಬರಿದ್ದಾರೆ. ಅವರು ಗೊತ್ತಾದರೆ ಕಾರಣವನ್ನು ಬಾಯಿಪಾಠ ಮಾಡಬೇಕಾಗುವುದಿಲ್ಲ.

ಹ್ಯಾಂಡ್ ವಾಷಿಂಗ್‌ನಿಂದಲೇ ಶುರು ಮಾಡೋಣ. 1840ರ ದಶಕದಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿ ತರಬೇತಿಯ ಹೆಣ್ಣುಮಕ್ಕಳು. ಮೊದಲನೆಯದರಲ್ಲಿ ನೂರಕ್ಕೆ ಹತ್ತರಷ್ಟು ತಾಯಂದಿರು ಬಾಣಂತಿ ಜ್ವರದಿಂದ ಸಾಯುತ್ತಿದ್ದರೆ, ಎರಡನೆಯದರಲ್ಲಿ ಸಾವು ಅದರ ಅರ್ಧಕ್ಕಿಂತ ಕಡಿಮೆ. ಊರಿನ ಬಸುರಿಯರಿಗೂ ಇದು ತಿಳಿದಿತ್ತು. ಮೊದಲನೆಯ ವಿಭಾಗಕ್ಕೆ ಹಾಕಬೇಡಿ ಎಂದು ಅವರು ಬೇಡಿಕೊಳ್ಳುತ್ತಿದ್ದರು.

ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯನ ನಿದ್ದೆಯನ್ನು ಈ ಅಂತರ ಕೆಡಿಸಿತ್ತು. 1847ರ ಮಾರ್ಚ್‌ನಲ್ಲಿ ಅವನ ಸಹೋದ್ಯೋಗಿ ಯಾಕೊಬ್ ಕೊಲೆಚ್‌ಕಾ ತೀರಿಕೊಂಡ. ಶವಪರೀಕ್ಷೆಯ ಹೊತ್ತಿನಲ್ಲಿ ವಿದ್ಯಾರ್ಥಿಯೊಬ್ಬನ ಚಾಕು ಅವನ ಬೆರಳಿಗೆ ತಾಗಿತ್ತು. ಅವನ ದೇಹದಲ್ಲಿ ಕಂಡ ಬದಲಾವಣೆಗಳು ಬಾಣಂತಿ ಜ್ವರದಿಂದ ಸತ್ತ ತಾಯಂದಿರಲ್ಲಿ ಕಂಡವುಗಳಂತೆಯೇ ಇದ್ದವು. ವೈದ್ಯರು ಹೆಣ ಕೊಯ್ದು ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು, ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ. ಮೇ ತಿಂಗಳಲ್ಲಿ ಸೆಮ್ಮೆಲ್‌ವೈಸ್ ಬಾಗಿಲಲ್ಲಿ ಬ್ಲೀಚಿಂಗ್ ಪೌಡರಿನ ನೀರು ಇಡಿಸಿ, ಕೈ ತೊಳೆಯದೆ ಯಾರೂ ಒಳಗೆ ಬರಬಾರದೆಂದ. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್, ಜುಲೈ ಹೊತ್ತಿಗೆ ಎರಡು, ಒಂದಕ್ಕೆ ಇಳಿಯಿತು. ಆದರೂ ದೊಡ್ಡ ವೈದ್ಯರು ಒಪ್ಪಲಿಲ್ಲ. ತಮ್ಮ ಕೈಯಿಂದಲೇ ತಾಯಂದಿರು ಸತ್ತರೆಂದು ಒಪ್ಪಿಕೊಳ್ಳುವುದು ಅವರಿಗೆ ಸಾಧ್ಯವಾಗಲಿಲ್ಲ. 1865ರಲ್ಲಿ ಸೆಮ್ಮೆಲ್‌ವೈಸ್ ಹುಚ್ಚಾಸ್ಪತ್ರೆಯೊಂದರಲ್ಲಿ ಸತ್ತ.

ಇಂದು ನೀವು ಸೋಪು ಹಚ್ಚಿ 40ರಿಂದ 60 ಸೆಕೆಂಡ್ ಎಂದು ಬರೆಯುತ್ತೀರಿ, ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಐದು ಸಂದರ್ಭಗಳನ್ನು ಪಟ್ಟಿ ಮಾಡುತ್ತೀರಿ. ‘ಮುಟ್ಟುವ ಮೊದಲು’ ಎಂಬ ಮಾತನ್ನು ಬರೆಯುವಾಗ ಆ ಮೊದಲನೆಯ ವಿಭಾಗದ ತಾಯಂದಿರನ್ನು ನೆನೆಯಿರಿ.

ವಿಯೆನ್ನಾದಲ್ಲಿ ಕೈ ತೊಳೆಯುವ ನಿಯಮ ಬಂದು ಏಳು ವರ್ಷ ಕಳೆಯಿತು. 1854ರ ನವೆಂಬರ್ 4ರಂದು ಫ್ಲಾರೆನ್ಸ್ ನೈಟಿಂಗೇಲ್ 38 ದಾದಿಯರೊಂದಿಗೆ ಸ್ಕುಟಾರಿಗೆ ಬಂದಿಳಿದರು. ಅದು ಇಂದಿನ ಇಸ್ತಾಂಬುಲ್‌ನ ಒಂದು ಭಾಗ. ಕ್ರಿಮಿಯಾ ಯುದ್ಧದ ಗಾಯಾಳುಗಳನ್ನು ಅಲ್ಲಿನ ಸೈನಿಕರ ಬ್ಯಾರಕ್ಕಿನಲ್ಲಿ ತುಂಬಿದ್ದರು. ದೀಪ ಹಿಡಿದು ರಾತ್ರಿ ತಿರುಗಿದ ದೇವತೆಯ ಕಥೆ ಎಲ್ಲರಿಗೂ ಗೊತ್ತು. ನಾನು ಹೇಳಬಯಸುವುದು ಅಂಕಿಗಳ ಕಥೆ. ಅವರು ಬಂದ ಮೇಲೂ ಸಾವು ಇಳಿಯಲಿಲ್ಲ. 1855ರ ಫೆಬ್ರುವರಿಯಲ್ಲಿ ಅದು ನೂರಕ್ಕೆ 42ರಷ್ಟಾಯಿತು. ಮಾರ್ಚ್‌ನಲ್ಲಿ ನೈರ್ಮಲ್ಯ ಆಯೋಗದವರು ಬಂದು ಕಟ್ಟಡದಡಿಯ ಚರಂಡಿಗಳನ್ನು ತೊಳೆಸಿ, ಗಾಳಿ ಆಡುವಂತೆ ಮಾಡಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಬಂತು.

ನೈಟಿಂಗೇಲ್ ಇಂಗ್ಲೆಂಡಿಗೆ ಮರಳಿ, ಅಂಕಿ-ಅಂಶ ತಜ್ಞ ವಿಲಿಯಂ ಫಾರ್ ಜೊತೆ ಕುಳಿತು ಈ ಲೆಕ್ಕವನ್ನೆಲ್ಲ ಬಿಡಿಸಿ ನೋಡಿದರು. ಗುಂಡೇಟಿನಿಂದ ಸತ್ತವರಿಗಿಂತ ತಡೆಯಬಹುದಾದ ರೋಗಗಳಿಂದ ಸತ್ತವರೇ ಬಹಳ ಹೆಚ್ಚು. ಅದನ್ನು ಬಣ್ಣದ ಚಿತ್ರಗಳಲ್ಲಿ ಬರೆದು ಸರ್ಕಾರದ ಮುಂದಿಟ್ಟರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಸೇರಿದ ಮೊದಲ ಮಹಿಳೆ ಅವರೇ. 1860ರ ಜುಲೈ 9ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ಆರಂಭವಾಯಿತು.

ಅವರ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದ ಮೊದಲ ಅಧ್ಯಾಯ ಗಾಳಿಯ ಬಗ್ಗೆ, ಕೊನೆಯ ಅಧ್ಯಾಯ ರೋಗಿಯನ್ನು ಗಮನಿಸುವ ಬಗ್ಗೆ. ಆ ಕೊನೆಯ ಅಧ್ಯಾಯದ ಒಂದು ಪಾಠವನ್ನು ನಾನು ವಾರ್ಡಿನಲ್ಲೇ ಮಾಡಿ ತೋರಿಸುತ್ತಿದ್ದೆ. ‘ಅಜ್ಜಾ, ರಾತ್ರಿ ನಿದ್ದಿ ಛಲೋ ಬಂತೇನ್ರಿ?’ ಎಂದರೆ ಅಜ್ಜ ‘ಹೂನ್ರೀ ಸಿಸ್ಟರ್’ ಎಂದುಬಿಡುತ್ತಾನೆ, ನಾವು ನಿದ್ದೆ ಚೆನ್ನಾಗಿತ್ತು ಎಂದು ಬರೆದುಬಿಡುತ್ತೇವೆ. ಅದನ್ನು ಬಿಟ್ಟು ‘ಎಷ್ಟ ಹೊತ್ತಿಗೆ ಕಣ್ಣ ಹತ್ತಿತ್ರಿ, ಯಾವಾಗ ಎಚ್ಚರಾತ್ರಿ?’ ಎಂದು ಕೇಳಿ. ಎರಡು ಗಂಟೆಗೆ ಉಸಿರು ಕಟ್ಟಿದಂತಾಗಿ ಎದ್ದು ಕೂತೆ ಎಂಬ ಮಾತು ಆಗ ಹೊರಬರುತ್ತದೆ. ರೋಗಿಯ ಬಾಯಿಗೆ ಉತ್ತರ ಇಟ್ಟು ಕೇಳಬಾರದೆಂದು ನೈಟಿಂಗೇಲ್ ಅಂದೇ ಬರೆದಿದ್ದರು. ‘ಅಸೆಸ್‌ಮೆಂಟ್’ ಎಂಬ ನರ್ಸಿಂಗ್ ಪ್ರಕ್ರಿಯೆಯ ಮೊದಲ ಹೆಜ್ಜೆಯ ತಿರುಳು ಇದೇ.

ಇನ್ನು ಥರ್ಮಾಮೀಟರ್. 1860ರ ದಶಕದವರೆಗೂ ಅದು ಸುಮಾರು ಒಂದು ಅಡಿ ಉದ್ದದ ಕೊಳವೆ, ಜ್ವರ ತೋರಿಸಲು 20 ನಿಮಿಷ ಹಿಡಿಯುತ್ತಿತ್ತು. 1866ರಲ್ಲಿ ಇಂಗ್ಲೆಂಡಿನ ಥಾಮಸ್ ಕ್ಲಿಫರ್ಡ್ ಆಲ್ಬಟ್ ಅದನ್ನು ಆರು ಇಂಚಿಗೆ, ಐದು ನಿಮಿಷಕ್ಕೆ ಇಳಿಸಿದ. ಎರಡು ವರ್ಷದ ಮೇಲೆ ಜರ್ಮನಿಯ ಕಾರ್ಲ್ ವುಂಡರ್ಲಿಷ್ ಸುಮಾರು 25,000 ರೋಗಿಗಳ ತಾಪಮಾನದ ದಾಖಲೆ ಆಧರಿಸಿ ಪುಸ್ತಕ ಬರೆದ. ಜ್ವರವೇ ರೋಗವಲ್ಲ, ರೋಗದ ಲಕ್ಷಣ ಎಂಬ ತಿಳಿವಳಿಕೆ ಆಗ ನೆಲೆಯೂರಿತು. ಉಪಕರಣ ಚಿಕ್ಕದಾದ ಮೇಲೆ ಅದನ್ನು ಹಿಡಿಯುವ ಕೆಲಸ ನಿಧಾನವಾಗಿ ನರ್ಸ್ ಕೈಗೆ ಬಂತು, ಮಂಚದ ತುದಿಯಲ್ಲಿ ಚಾರ್ಟ್ ತೂಗಿತು. ಗಾಜಿನ ಥರ್ಮಾಮೀಟರನ್ನು ರೋಗಿಗೆ ಇಡುವ ಮೊದಲು ಬಲ್ಬಿನಿಂದ ಮೇಲಕ್ಕೆ ಒರೆಸಬೇಕು, ತೆಗೆದ ಮೇಲೆ ಮೇಲಿನಿಂದ ಬಲ್ಬಿನ ಕಡೆಗೆ ಒರೆಸಬೇಕು. ಏಕೆ ಎಂದರೆ, ಒರೆಸುವ ಹತ್ತಿ ಯಾವಾಗಲೂ ಶುಚಿಯಾದ ಕಡೆಯಿಂದ ಕೊಳೆಯ ಕಡೆಗೆ ಹೋಗಬೇಕು. ವಿಯೆನ್ನಾದ ಬಾಗಿಲಲ್ಲಿಟ್ಟ ಆ ನೀರಿನ ತತ್ವವೇ ಈ ಹತ್ತಿಯಲ್ಲೂ ಇದೆ.

ಗ್ಲೌಸ್ ಬಂದದ್ದು ನರ್ಸೊಬ್ಬಳಿಗಾಗಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಕೈಗಳು ಪಾದರಸದ ದ್ರಾವಣದಿಂದ ಒಡೆದು ಹುಣ್ಣಾಗುತ್ತಿದ್ದವು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ 1889-90ರ ಸುಮಾರಿಗೆ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳುವಾದ ಕೈಗವಸು ಮಾಡಿಸಿಕೊಟ್ಟ. ರೋಗಿಯ ರಕ್ಷಣೆಗೂ ಅದು ಬೇಕೆಂಬುದು ಆಮೇಲೆ ಮನವರಿಕೆಯಾಯಿತು.

ನಮ್ಮ ನಾಡಿನ ಕಥೆಗೆ ಬರುತ್ತೇನೆ. ಮದ್ರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ 1871ರಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸನ್ಯಾಸಿನಿಯರು 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆದರು. ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಅಡಿಗಲ್ಲು ಬಿತ್ತು, 1900ರಲ್ಲಿ ಲಾರ್ಡ್ ಕರ್ಜನ್ ಅದನ್ನು ಉದ್ಘಾಟಿಸಿದ. ನಡುವೆ 1898ರಲ್ಲಿ ಪ್ಲೇಗ್ ಬೆಂಗಳೂರಿಗೆ ಬಂತು. ಗಾಳಿ ಬೆಳಕಿನ ಮನೆಗಳಿರಲಿ ಎಂದು ಬಸವನಗುಡಿ, ಮಲ್ಲೇಶ್ವರಗಳು ಮೈದಾಳಿದ ಕಾಲ ಅದು.

ಕಟ್ಟಡ ಕಟ್ಟುವುದಕ್ಕಿಂತ ಕೈಗಳನ್ನು ಹುಡುಕುವುದು ಕಷ್ಟವಾಗಿತ್ತು. ಪರರ ರಕ್ತ, ಮಲ, ಮೂತ್ರ ಮುಟ್ಟುವುದು ಮೈಲಿಗೆ, ಪರಗಂಡಸಿನ ಮೈ ಮುಟ್ಟುವುದು ಇನ್ನೂ ದೊಡ್ಡ ತಪ್ಪು ಎಂದುಕೊಂಡಿದ್ದ ಮನೆಗಳು ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಕಳಿಸಲಿಲ್ಲ. ಮೊದಲು ಬಂದವರು ಹೆಚ್ಚಾಗಿ ಕ್ರೈಸ್ತ ಮತ್ತು ಆಂಗ್ಲೋ-ಇಂಡಿಯನ್ ಹೆಣ್ಣುಮಕ್ಕಳು. ನಮ್ಮ ವಾರ್ಡುಗಳ ಶಿಸ್ತನ್ನು ಕಟ್ಟಿದ ಅವರ ಋಣ ದೊಡ್ಡದು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿಯ ಪ್ರಕಾರ ಇಡೀ ದೇಶದಲ್ಲಿದ್ದ ನರ್ಸ್‌ಗಳು ಸುಮಾರು 7,000, ಅಂದರೆ 43,000 ಜನರಿಗೆ ಒಬ್ಬರು. ಮರುವರ್ಷ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ಅದಾಗಿ ಎಷ್ಟೋ ಕಾಲದ ಮೇಲೆ ನಾನು ತರಬೇತಿಗೆ ಹೊರಟಾಗಲೂ ನಮ್ಮಜ್ಜಿ, ‘ಮಂದೀ ಹೊಲಸ ಬಳ್ಯೂ ಕೆಲಸ ನಿನಗ್ಯಾಕವಾ?’ ಎಂದು ಅತ್ತಿದ್ದಳು.

ಅಜ್ಜಿಗೆ ಕೊಡಬೇಕಾಗಿದ್ದ ಉತ್ತರ ನನಗೆ ಸಿಕ್ಕಿದ್ದು ಅಮೆರಿಕದ ನರ್ಸ್ ವರ್ಜೀನಿಯಾ ಹೆಂಡರ್ಸನ್ ಬರಹದಲ್ಲಿ. ಅವರ 14 ಮೂಲಭೂತ ಅಗತ್ಯಗಳ ಪಟ್ಟಿಯಲ್ಲಿ ಮೊದಲನೆಯದು ಉಸಿರಾಟ, ಎರಡನೆಯದು ಅನ್ನ-ನೀರು, ಮೂರನೆಯದು ವಿಸರ್ಜನೆ. ಪೂಜೆ, ದುಡಿಮೆ, ಆಟ, ಕಲಿಕೆ ಆಮೇಲೆ ಬರುತ್ತವೆ. ರೋಗಿಗೆ ಶಕ್ತಿ, ಮನಸ್ಸು, ತಿಳಿವಳಿಕೆ ಇದ್ದಿದ್ದರೆ ತಾನೇ ಮಾಡಿಕೊಳ್ಳುತ್ತಿದ್ದ ಕೆಲಸವನ್ನು ಅವನಿಗಾಗಿ ಮಾಡುವುದು, ಅವನು ಬೇಗ ಸ್ವತಂತ್ರನಾಗುವಂತೆ ಮಾಡುವುದು ನರ್ಸ್ ಕೆಲಸ ಎಂದು ಅವರು ವಿವರಿಸಿದರು. ಬೆಡ್‌ಪ್ಯಾನ್ ಕೊಡುವಾಗ ಪರದೆ ಎಳೆಯುವುದು, ಪ್ಯಾನ್ ಬೆಚ್ಚಗಿಡುವುದು, ಕೈ ತೊಳೆಯಲು ನೀರು ಕೊಡುವುದು, ಇವು ಸಣ್ಣ ಪಾಯಿಂಟುಗಳಲ್ಲ. ಪಟ್ಟಿಯನ್ನು ಕಂಠಪಾಠ ಮಾಡುವ ಬದಲು ಹಾಸಿಗೆ ಹಿಡಿದ ಒಬ್ಬ ರೋಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಬೆಳಿಗ್ಗೆಯಿಂದ ರಾತ್ರಿವರೆಗೆ ಅವರಿಗೆ ಏನೇನು ಬೇಕು ಎಂದು ಯೋಚಿಸಿ. ಹದಿನಾಲ್ಕೂ ತಾವಾಗಿ ಬರುತ್ತವೆ.

ಇತಿಹಾಸ ಅಲ್ಲಿಗೆ ಮುಗಿಯಲಿಲ್ಲ. ಬೆನ್ನುಹುಣ್ಣು ಬಾರದಂತೆ ಸ್ಪಿರಿಟ್, ಪೌಡರ್ ಹಾಕಿ ಮೂಳೆ ಎದ್ದ ಜಾಗಗಳನ್ನು ತಿಕ್ಕುವುದನ್ನು ಹಿಂದೆ ಎಲ್ಲೆಡೆ ಕಲಿಸುತ್ತಿದ್ದರು. ಬ್ರಿಟನ್ನಿನ ನರ್ಸ್ ಡೊರೀನ್ ನಾರ್ಟನ್ ಮತ್ತು ಸಂಗಡಿಗರು ಮುದುಕರ ವಾರ್ಡುಗಳಲ್ಲಿ ಅಧ್ಯಯನ ನಡೆಸಿ 1962ರಲ್ಲಿ ವರದಿ ಪ್ರಕಟಿಸಿದರು. ಹುಣ್ಣು ತಡೆಯುವುದು ಹಚ್ಚುವ ದ್ರವವಲ್ಲ, ಮಗ್ಗಲು ಬದಲಿಸಿ ಒತ್ತಡ ತಪ್ಪಿಸುವುದು ಎಂದು ಅದು ತೋರಿಸಿತು. ಅಪಾಯ ಅಳೆಯುವ ನಾರ್ಟನ್ ಸ್ಕೇಲ್ ಹುಟ್ಟಿದ್ದೂ ಆ ಕೆಲಸದಿಂದಲೇ. ಕೆಂಪಾದ ಜಾಗವನ್ನು ತಿಕ್ಕಬಾರದು ಎಂಬುದು ಇಂದಿನ ಪಾಠ.

ಆದ್ದರಿಂದ ಪರೀಕ್ಷೆಗೆ ಕೂತಾಗ ಪ್ರತಿ ಕ್ರಮದ ಎದುರು ಕಾರಣವನ್ನೂ ಬರೆಯಿರಿ. ವಾರ್ಡಿಗೆ ಹೋದಾಗ ‘ರೋಗಿ ಸಾಮಾನ್ಯ’ ಎಂದು ಗೀಚಬೇಡಿ. ಎಷ್ಟು ಗಂಟೆಗೆ ಮಗ್ಗಲು ಬದಲಿಸಿದಿರಿ, ಯಾವ ಕಡೆಯ ಸೊಂಟ ಕೆಂಪಾಗಿತ್ತು, ಎಷ್ಟು ನೀರು ಕುಡಿದರು ಎಂದು ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ನಾರ್ಟನ್ ಕೈಯಲ್ಲಿದ್ದದ್ದೂ ಅಂಥ ದಾಖಲೆಗಳೇ. ನಿಮ್ಮ ಬರಹದಿಂದ ನಾಳೆ ಒಂದು ಹಳೆಯ ನಿಯಮ ಬಿದ್ದುಹೋಗಿ ಇನ್ನೊಂದು ಉತ್ತಮ ನಿಯಮ ಬರಬಹುದು. ಆ ಕೆಲಸಕ್ಕೆ ನರ್ಸ್‌ಗಿಂತ ಯೋಗ್ಯರು ಆಸ್ಪತ್ರೆಯಲ್ಲಿ ಯಾರೂ ಇಲ್ಲ, ಏಕೆಂದರೆ ಇಪ್ಪತ್ನಾಲ್ಕು ಗಂಟೆಯೂ ರೋಗಿಯ ಹತ್ತಿರ ಇರುವವರು ನಾವೇ.