ಹೇರಿಗೊಂದು ಮಿತಿ: ಪ್ಲಿಮ್‌ಸಾಲ್ ರೇಖೆಯ ಚರಿತ್ರೆ

ಸರಕು ತುಂಬಿದ ಹಡಗು ನೀರಿನಲ್ಲಿ ಎಷ್ಟು ಆಳದವರೆಗೆ ಇಳಿಯಬಹುದು ಎಂಬುದನ್ನು ತೋರಿಸಲು ಅದರ ಎರಡೂ ಪಕ್ಕಗಳ ನಡುಭಾಗದಲ್ಲಿ ಕೊರೆದು ಬಣ್ಣ ಹಚ್ಚುವ ಗುರುತಿಗೆ ನೌಕಾ ಪರಿಭಾಷೆಯಲ್ಲಿ ಲೋಡ್ ಲೈನ್, ಅಂದರೆ ಭಾರರೇಖೆ ಎಂದು ಹೆಸರು. ಬ್ರಿಟನ್ನಿನ ಸಂಸದ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ (1824–1898) ನಡೆಸಿದ ಹೋರಾಟದಿಂದ ಅದಕ್ಕೆ ಕಾನೂನಿನ ಬಲ ಬಂದುದರಿಂದ ಪ್ಲಿಮ್‌ಸಾಲ್ ರೇಖೆ ಎಂಬ ಹೆಸರೂ ರೂಢಿಗೆ ಬಂದಿತು. ನೀರಿನ ಮಟ್ಟದಿಂದ ಡೆಕ್ಕಿನವರೆಗೆ ಉಳಿಯುವ ಎತ್ತರವನ್ನು ಫ್ರೀಬೋರ್ಡ್ ಎನ್ನುತ್ತಾರೆ. ಅಲೆಗಳ ಹೊಡೆತಕ್ಕೆ ಸಿಕ್ಕ ಹಡಗು ಮತ್ತೆ ಮೇಲೆದ್ದು ತೇಲಲು ಬೇಕಾದ ಶಕ್ತಿಯೆಲ್ಲ ಈ ಎತ್ತರದಲ್ಲಿಯೇ ಇರುವುದರಿಂದ, ಹೇರು ಹೆಚ್ಚಾದಷ್ಟೂ ನಾವಿಕರ ಜೀವಕ್ಕೆ ಅಪಾಯವೂ ಹೆಚ್ಚುತ್ತದೆ.

ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಈ ಅಪಾಯವನ್ನು ಅಳೆಯುವ ಅಧಿಕಾರ ಹಡಗಿನ ಮಾಲೀಕನ ಕೈಯಲ್ಲಿತ್ತು. ಹಡಗಿನೊಳಗೆ ಸರಕು ತುಂಬುವ ಭಾಗದ ಪ್ರತಿ ಅಡಿ ಆಳಕ್ಕೆ ಮೂರು ಅಂಗುಲ ಫ್ರೀಬೋರ್ಡ್ ಇರಲಿ ಎಂದು ಲಾಯ್ಡ್ಸ್ ರಿಜಿಸ್ಟರ್ ಸಂಸ್ಥೆ 1835ರಲ್ಲಿ ಸೂಚಿಸಿತ್ತಾದರೂ ಅದು ಸಲಹೆ ಮಾತ್ರವಾಗಿತ್ತು. ಹೆಚ್ಚುವರಿ ಹೇರಿನ ಬಾಡಿಗೆ ಮಾಲೀಕನಿಗೆ ಸೇರುತ್ತಿತ್ತು, ಹಡಗು ಮುಳುಗಿದರೆ ವಿಮೆಯ ಹಣವೂ ಅವನಿಗೇ ಸಿಗುತ್ತಿತ್ತು. ಕರಾರಿಗೆ ಸಹಿ ಹಾಕಿದ ಮೇಲೆ ಅಂತಹ ಹಡಗನ್ನೇರಲು ಒಪ್ಪದ ನಾವಿಕನಿಗಾದರೋ ಜೈಲುವಾಸ ಕಾದಿರುತ್ತಿತ್ತು. ಈ ಹಡಗುಗಳನ್ನು ಜನರು ಶವಪೆಟ್ಟಿಗೆಗಳೆಂದೇ ಕರೆದರು.

1868ರಲ್ಲಿ ಡರ್ಬಿ ಕ್ಷೇತ್ರದಿಂದ ಆಯ್ಕೆಯಾದ ಪ್ಲಿಮ್‌ಸಾಲ್, ನ್ಯೂಕಾಸಲ್ಲಿನ ಹಡಗು ಮಾಲೀಕ ಜೇಮ್ಸ್ ಹಾಲ್ ಮೊದಲೇ ಎತ್ತಿದ್ದ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, 1873ರಲ್ಲಿ 'ಅವರ್ ಸೀಮೆನ್' ಎಂಬ ಪುಸ್ತಕವನ್ನು ಪ್ರಕಟಿಸಿ ಲೋಕಾಭಿಪ್ರಾಯವನ್ನು ರೂಪಿಸಿದನು. 1875ರ ಜುಲೈನಲ್ಲಿ ಡಿಸ್ರೇಲಿ ಸರ್ಕಾರವು ಹಡಗು ಮಸೂದೆಯನ್ನು ಕೈಬಿಟ್ಟಾಗ ಆತನು ಸದನದಲ್ಲಿಯೇ ಸಿಡಿದೆದ್ದುದು ದೇಶವ್ಯಾಪಿ ಆಂದೋಲನಕ್ಕೆ ಕಾರಣವಾಗಿ, 1876ರ ಕಾಯ್ದೆಯು ಭಾರರೇಖೆಯನ್ನು ಕಡ್ಡಾಯಗೊಳಿಸಿತು. ಆದರೆ ರೇಖೆಯನ್ನು ಎಲ್ಲಿ ಎಳೆಯಬೇಕೆಂಬ ನಿರ್ಧಾರವನ್ನು ಆ ಕಾಯ್ದೆ ಮಾಲೀಕನಿಗೇ ಬಿಟ್ಟಿತ್ತಾದ್ದರಿಂದ, ಗುರುತು ಇದ್ದೂ ರಕ್ಷಣೆ ಇಲ್ಲದ ಸ್ಥಿತಿ ಮುಂದುವರಿಯಿತು. 1890ರ ಕಾಯ್ದೆ ರೇಖೆಯ ಸ್ಥಾನವನ್ನು ಸರ್ಕಾರಿ ನಿಯಮಗಳಿಗೆ ಒಳಪಡಿಸಿದ ಮೇಲೆಯೇ ಅದು ನಿಜವಾದ ಮಿತಿಯಾಯಿತು.

ಇಂದಿನ ಗುರುತಿನಲ್ಲಿ 300 ಮಿಲಿಮೀಟರ್ ವ್ಯಾಸದ ಒಂದು ವರ್ತುಲವೂ ಅದರ ನಡುವೆ ಹಾದುಹೋಗುವ 450 ಮಿಲಿಮೀಟರ್ ಉದ್ದದ ಅಡ್ಡಗೆರೆಯೂ ಇರುತ್ತವೆ. ವರ್ತುಲದ ಇಕ್ಕೆಲಗಳಲ್ಲಿ ಮಿತಿಯನ್ನು ನಿಗದಿಪಡಿಸಿದ ಸಂಸ್ಥೆಯ ಅಕ್ಷರಗಳು, ಉದಾಹರಣೆಗೆ ಲಾಯ್ಡ್ಸ್ ರಿಜಿಸ್ಟರಿಗೆ 'ಎಲ್' ಮತ್ತು 'ಆರ್', ಕಾಣುತ್ತವೆ. ಪಕ್ಕದಲ್ಲಿ ಏಣಿಯ ಮೆಟ್ಟಿಲಿನಂತೆ ಇರುವ ಗೆರೆಗಳು ಬೇರೆ ಬೇರೆ ನೀರಿಗೂ ಋತುವಿಗೂ ಸಂಬಂಧಿಸಿದವು. ಉಪ್ಪುನೀರಿಗಿಂತ ಸಿಹಿನೀರಿನ ಸಾಂದ್ರತೆ ಕಡಿಮೆಯಾಗಿ, ನದಿಯ ಬಂದರಿನಲ್ಲಿ ಹಡಗು ಹೆಚ್ಚು ಆಳಕ್ಕೆ ಇಳಿಯುವುದರಿಂದ ಸಿಹಿನೀರಿನ ಗೆರೆ ಮೇಲಿರುತ್ತದೆ. ಉತ್ತರ ಅಟ್ಲಾಂಟಿಕದ ಚಳಿಗಾಲದ ಬಿರುಗಾಳಿಗೆಂದು ಇರುವ ಗೆರೆ ಎಲ್ಲಕ್ಕಿಂತ ಕೆಳಗಿರುತ್ತದೆ. ಕರ್ನಾಟಕದ ಕರಾವಳಿಗೆ ಎದುರಾಗಿರುವ ಅರಬ್ಬೀ ಸಮುದ್ರಕ್ಕೂ ಈ ಲೆಕ್ಕ ಅನ್ವಯಿಸುತ್ತದೆ: ಶಾಂತವಾದ ತಿಂಗಳುಗಳಲ್ಲಿ ಉಷ್ಣವಲಯದ ಗೆರೆಯವರೆಗೆ ಹೇರಬಹುದಾದ ಹಡಗು, ನೈಋತ್ಯ ಮುಂಗಾರಿನಲ್ಲಿ ಕಡಲು ಒರಟಾದಾಗ ಅದಕ್ಕಿಂತ ಕೆಳಗಿನ ಬೇಸಿಗೆಯ ಗೆರೆಗೆ ನಿಲ್ಲಬೇಕಾಗುತ್ತದೆ.

1906ರಲ್ಲಿ ಬ್ರಿಟಿಷ್ ಬಂದರುಗಳಿಗೆ ಬರುವ ವಿದೇಶಿ ಹಡಗುಗಳಿಗೂ ನಿಯಮವು ವಿಸ್ತರಿಸಿತು. 1930 ಮತ್ತು 1966ರ ಅಂತರರಾಷ್ಟ್ರೀಯ ಒಪ್ಪಂದಗಳು ಅದನ್ನು ಜಗತ್ತಿನ ಸಾಗಣೆಯ ಸಾಮಾನ್ಯ ನಿಯಮವಾಗಿಸಿದವು. ಸುರಕ್ಷತೆಯ ಗುರುತನ್ನು ಬರೆದರೆ ಸಾಲದು, ಅದನ್ನು ಎಲ್ಲಿ ಬರೆಯಬೇಕೆಂದು ತೀರ್ಮಾನಿಸುವ ಹಕ್ಕು ಲಾಭ ಪಡೆಯುವವನ ಕೈಯಲ್ಲಿ ಇರಬಾರದು ಎಂಬುದನ್ನು 1876ರಿಂದ 1890ರವರೆಗಿನ ಹದಿನಾಲ್ಕು ವರ್ಷಗಳು ಸ್ಪಷ್ಟಪಡಿಸುತ್ತವೆ.